ಮರದ ಮನೆ 'ಟೆಂಪರರಿ' ಅಂತ ಯಾರು ಹೇಳಿದ್ದು?

ಭಾಗ 1

ಬಿಕಾಂ ಗೆಳೆಯರೇ, ಇನ್‌ಕಮ್ ಟ್ಯಾಕ್ಸ್ ನೋಟ್ಸ್ ತೆಗೀರಿ. ಡಿಪ್ರಿಸಿಯೇಷನ್ ಟೇಬಲ್ ನೋಡಿ. ವಾಸದ ಕಟ್ಟಡಕ್ಕೆ 5%. ಉಳಿದ ಕಟ್ಟಡಕ್ಕೆ 10%. ಅದರ ಕೆಳಗೆ ಇನ್ನೊಂದು ಸಾಲಿದೆ, ಪರೀಕ್ಷೆಗೆ ಅಂತ ಎಲ್ಲರೂ ಬಾಯಿಪಾಠ ಮಾಡ್ತೀವಿ, ನಿಂತು ಯೋಚಿಸಲ್ಲ: ಮರದ ಕಟ್ಟಡದಂಥ ತೀರಾ ತಾತ್ಕಾಲಿಕ ರಚನೆಗಳಿಗೆ 40%.

ಲೆಕ್ಕ ಹಾಕಿ. ಹತ್ತು ಲಕ್ಷದ ಮರದ ಕಟ್ಟಡ ಐದೇ ವರ್ಷದಲ್ಲಿ ಪುಸ್ತಕದಲ್ಲಿ 77,760 ರೂಪಾಯಿಗೆ ಇಳಿಯುತ್ತೆ. ಈ ಲೆಕ್ಕದ ಪ್ರಕಾರ ತೀರ್ಥಹಳ್ಳಿ ಕಡೆಯ ಉಪ್ಪರಿಗೆ ಮನೆಗಳೆಲ್ಲ ನಮ್ಮಜ್ಜ ಹುಟ್ಟೋಕೆ ಮುಂಚೆಯೇ ಸೊನ್ನೆ ಆಗಿರಬೇಕಿತ್ತು.

ಕುಪ್ಪಳಿ ಕವಿಮನೆಗೆ ನೀವು ಟೂರ್ ಹೋಗಿರ್ತೀರಿ, ರೀಲ್ಸೂ ಮಾಡಿರ್ತೀರಿ. ಮೂರು ಅಂತಸ್ತು, ಮರದ ಕಂಬ, ಮರದ ತೊಲೆ, ಹಂಚಿನ ಮಾಡು. 1904ರಲ್ಲಿ ಹುಟ್ಟಿದ ಕುವೆಂಪು ಬೆಳೆದ ಮನೆ ಅದು. ಅವರು ಹುಟ್ಟುವಾಗಲೇ ಅದು ಹಳೇ ಮನೆ. 'ಅದನ್ನ ರಿಪೇರಿ ಮಾಡಿ ನಿಲ್ಲಿಸಿದಾರೆ' ಅಂತ ಕಾಮೆಂಟ್ ಹಾಕೋರಿಗೆ ಈಗಲೇ ಉತ್ತರ: ಹೌದು, ಮಾಡಿದಾರೆ. ರಿಪೇರಿ ಮಾಡೋಕೆ ಬರುತ್ತೆ ಅನ್ನೋದೇ ನನ್ನ ಪಾಯಿಂಟು. ಒಂದು ಕಂಬ ಹಾಳಾದ್ರೆ ಆ ಕಂಬ ಮಾತ್ರ ಬದಲಾಯಿಸಬಹುದು. ಸ್ಲ್ಯಾಬ್ ಒಳಗಿನ ಕಬ್ಬಿಣ ತುಕ್ಕು ಹಿಡಿದ್ರೆ ಯಾವ ಸರಳನ್ನ ತೆಗೆದು ಯಾವುದನ್ನ ಹಾಕ್ತೀರಿ?

ಇನ್ನು ಜನಗಣತಿ. 2011ರಲ್ಲಿ ಮನೆಯ ಗೋಡೆಗೆ ಇಟ್ಟಿಗೆ, ಕಲ್ಲು, ಕಾಂಕ್ರೀಟ್, ಕೊನೆಗೆ ಆಸ್ಬೆಸ್ಟಾಸ್ ಶೀಟ್ ಇದ್ರೂ 'ಪರ್ಮನೆಂಟ್' ಸಾಲಿಗೆ ಸೇರುತ್ತಿತ್ತು. ಮರದ ಗೋಡೆ ಸೇರ್ತಿರಲಿಲ್ಲ. ಆಸ್ಬೆಸ್ಟಾಸ್ ಪಕ್ಕಾ, ಹೊನ್ನೆ ಮರ ಕಚ್ಚಾ! ಮಲೆನಾಡಲ್ಲಿ ಹುಟ್ಟಿದವನು ಇದನ್ನ ಬರೆದಿರಲಿಕ್ಕಿಲ್ಲ ಮಾರಾಯ್ರೆ.

ಭಾಗ 2

(ಫೋಟೋ ನೋಡಿ. ಯಾವ ಊರು ಅಂತ ಹೇಳಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ, ಎಲ್ಲಿಯದಾದ್ರೂ ಆಗಬಹುದು.)

ಆರ್‌ಸಿಸಿ ಮನೆ. ಅದರ ಮೇಲೆ ಕಬ್ಬಿಣದ ಪೈಪು. ಅದರ ಮೇಲೆ ಶೀಟು.

ಯಾಕೆ? ಆಗುಂಬೆ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ, ಹುಲಿಕಲ್ ಕಡೆಯೂ ಕಮ್ಮಿ ಏನಲ್ಲ. ಚಪ್ಪಟೆ ಸ್ಲ್ಯಾಬಿಗೆ ಇಷ್ಟು ನೀರು ತಡೆಯೋಕೆ ಆಗಲ್ಲ. ಎರಡು ಮಳೆಗಾಲ ಕಳೆದ ಮೇಲೆ ಒಳಗೆ ಜಿನುಗುತ್ತೆ, ಗೋಡೆಗೆ ಬೂಸು ಬರುತ್ತೆ, ಆಮೇಲೆ ಸಾಲ ಮಾಡಿ ಶೀಟ್ ಹಾಕಿಸ್ತೀವಿ. ಅಂದ್ರೆ ಒಂದೇ ಮನೆಗೆ ಎರಡು ಮಾಡಿನ ದುಡ್ಡು. ಏಪ್ರಿಲ್‌ನಲ್ಲಿ ಅದೇ ಸ್ಲ್ಯಾಬ್ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಹನ್ನೊಂದಕ್ಕೆ ನಮ್ಮ ಮೇಲೆ ಬಿಡುತ್ತೆ. ಆಗ ಕೂಲರ್. ಆಗ ಕರೆಂಟ್ ಬಿಲ್. ಕಾಸ್ಟಿಂಗ್ ಕ್ಲಾಸಲ್ಲಿ ಇಂಥ ಪ್ರಾಜೆಕ್ಟ್ ಕೊಟ್ರೆ ನಾವೇ ರಿಜೆಕ್ಟ್ ಮಾಡ್ತಿದ್ವಿ. ಊರಲ್ಲಿ ಗೃಹಪ್ರವೇಶಕ್ಕೆ ಹೋಗಿ ಊಟ ಮಾಡಿ ಬರ್ತೀವಿ.

ಹಳೇ ಮನೆಯಲ್ಲಿ ಏನಿತ್ತು? ಮುಚ್ಚಿಗೆ. ತೊಲೆ ಮೇಲೆ ಹಲಗೆ, ಹಲಗೆ ಮೇಲೆ ಮಣ್ಣು, ಮೇಲೆ ಅಟ್ಟದಷ್ಟು ಖಾಲಿ ಜಾಗ, ಆಮೇಲೆ ಹಂಚು. ಹಂಚು ಕಾದ್ರೂ ಬಿಸಿ ಕೆಳಗೆ ಇಳಿಯೋಕೆ ಇಷ್ಟೆಲ್ಲ ದಾಟಬೇಕು. ಮರದಲ್ಲಿ ಬಿಸಿ ಹರಿಯೋದು ಕಾಂಕ್ರೀಟಿಗಿಂತ ಸುಮಾರು ಹತ್ತು ಪಟ್ಟು ನಿಧಾನ. ಈಗ 'ಇನ್ಸುಲೇಟೆಡ್ ಪ್ಯಾನೆಲ್' ಅಂತ ಇಂಗ್ಲಿಷ್ ಹೆಸರಿಟ್ಟು ಮಾರೋದು ಇದೇ ವಿದ್ಯೆಯನ್ನ. ನಾವು ಅದನ್ನ ಕಿತ್ತು ಪಿಒಪಿ ಮಾಡಿಸಿ ಲೈಟ್ ಹಾಕಿಸಿದ್ವಿ.

ಭಾಗ 3

ಸರಿ, ಪ್ಯಾನೆಲ್ ಅಂದ್ರೆ ಎಂತ?

ಗೋಡೆ, ನೆಲ, ಮಾಡು, ಎಲ್ಲವನ್ನೂ ಕಾರ್ಖಾನೆಯಲ್ಲೇ ಚಪ್ಪಟೆ ತುಂಡುಗಳಾಗಿ ಮಾಡೋದು. ಕಿಟಕಿ ಬಾಗಿಲಿನ ಜಾಗ ಅಲ್ಲೇ ಕತ್ತರಿಸಿರುತ್ತೆ. ಲಾರಿಯಲ್ಲಿ ಬಂದು ಪಂಚಾಂಗದ ಮೇಲೆ ನಿಲ್ಲಿಸಿ ಸ್ಕ್ರೂ ಹೊಡೆದ್ರೆ ಮನೆಯ ಅಸ್ಥಿಪಂಜರ ಕೆಲವೇ ದಿನದಲ್ಲಿ ಎದ್ದು ನಿಲ್ಲುತ್ತೆ. ಇದರಲ್ಲಿ ಎರಡು ಜಾತಿ. ಒಂದು, ಮರದ ಚೌಕಟ್ಟಿನ ಒಳಗೆ ಶಾಖ ತಡೆಯೋ ವಸ್ತು ತುಂಬಿ ಎರಡೂ ಕಡೆ ಹಲಗೆ ಹೊಡೆದದ್ದು. ಇನ್ನೊಂದು, ಹಲಗೆಗಳನ್ನ ಅಡ್ಡ ಉದ್ದ ಅಡ್ಡ ಅಂತ ಮೂರೋ ಐದೋ ಏಳೋ ಪದರ ಅಂಟಿಸಿ ಮಾಡಿದ ದಪ್ಪ ಗೋಡೆ, ಸಿಎಲ್‌ಟಿ ಅಂತಾರೆ. 1990ರ ದಶಕದಲ್ಲಿ ಆಸ್ಟ್ರಿಯಾ, ಜರ್ಮನಿ ಕಡೆ ಬೆಳೆದ ತಂತ್ರ. ನಾರ್ವೆಯಲ್ಲಿ 2019ರಲ್ಲಿ ಮುಗಿದ ಮ್ಯೋಸ್ಟೋರ್ನೆಟ್ ಅನ್ನೋ ಕಟ್ಟಡ 18 ಅಂತಸ್ತು, 85 ಮೀಟರ್ ಎತ್ತರ. ಅದರ ಕಂಬ ತೊಲೆ ಎಲ್ಲ ಅಂಟಿಸಿದ ಮರ.

ನಮಗೆ 18 ಅಂತಸ್ತು ಯಾಕೆ ಬಿಡಿ. ಎರಡು ಬೆಡ್‌ರೂಮು, ಒಂದು ಜಗಲಿ ಸಾಕು.

ಬಿಚ್ಚಿ ಜೋಡಿಸೋ ಮನೆ ನಮಗೆ ಹೊಸದೂ ಅಲ್ಲ. 1964ರಲ್ಲಿ ಲಿಂಗನಮಕ್ಕಿ ಆಣೆಕಟ್ಟು ಮುಗಿದು ಶರಾವತಿ ಕಣಿವೆಯ ಊರುಗಳು ಮುಳುಗಿದವಲ್ಲ, ಆಗ ಕಂಬ, ಬಾಗಿಲು, ತೊಲೆ, ಹಂಚು ಬಿಚ್ಚಿಕೊಂಡು ಎದ್ದು ಬಂದ ಕುಟುಂಬಗಳ ಕಥೆ ಸಾಗರ, ಹೊಸನಗರ ಕಡೆ ಕೇಳದವರು ಯಾರಿದ್ದಾರೆ? ಗದ್ದೆ ಹೋಯ್ತು, ತೋಟ ಹೋಯ್ತು, ಹೆಬ್ಬಾಗಿಲು ಜೊತೆಗೆ ಬಂತು. ಆಚಾರಿಗಳು ಮೊಳೆ ಇಲ್ಲದೆ ಒಂದಕ್ಕೊಂದು ಕೂರೋ ಹಾಗೆ ಕೆತ್ತಿದ್ರು ಅನ್ನೋದಕ್ಕೆ ಅದು ಸಾಧ್ಯ ಆಯ್ತು. ಅದೇ ಜನರ ಮೊಮ್ಮಕ್ಕಳು ಇವತ್ತು ಕಟ್ಟೋ ಮನೆ ಬಿಚ್ಚಿದ್ರೆ ಸಿಗೋದು ಜಲ್ಲಿಪುಡಿ.

ಭಾಗ 4: 'ಕಾಡು ಕಡೀತೀಯಾ?'

ಈ ಪ್ರಶ್ನೆ ಗ್ಯಾರಂಟಿ ಬರುತ್ತೆ, ಬರಲೇಬೇಕು. ಉದ್ದ ಉತ್ತರ ಕೊಡ್ತೀನಿ.

ಮೊದಲು ಸಿಮೆಂಟಿನ ಕಥೆ. ಸುಣ್ಣದ ಕಲ್ಲು ಸುಟ್ಟರೆ ಅದರ ತೂಕದ 44% ಕಾರ್ಬನ್ ಡೈಆಕ್ಸೈಡ್ ಆಗಿ ಹೋಗುತ್ತೆ. ಇದು ಪಿಯುಸಿ ಕೆಮಿಸ್ಟ್ರಿ, ಸೈನ್ಸ್ ಗೆಳೆಯರನ್ನ ಕೇಳಿ. ಸುಡೋಕೆ ಹಾಕಿದ ಕಲ್ಲಿದ್ದಲಿನ ಹೊಗೆ ಬೇರೆ. ಪ್ರಪಂಚದ ಒಟ್ಟು ಕಾರ್ಬನ್ ಡೈಆಕ್ಸೈಡ್‌ನಲ್ಲಿ 7-8% ಬರೀ ಸಿಮೆಂಟಿನದು. ಕಲಬುರಗಿ ಕಡೆ ಸುಟ್ಟದ್ದನ್ನ ಲಾರಿ ಹತ್ತಿಸಿ ಘಟ್ಟದ ತುದಿಗೆ ತರ್ತೀವಿ, ಅದಕ್ಕೆ ಹೊಳೆ ಮರಳು ಬಗೆದು ಹಾಕ್ತೀವಿ. ಹೊಳೆ ಬಗೆಯೋದು ಪರಿಸರನಾಶ ಅಲ್ವಾ? ಮರ ಮುಟ್ಟಿದ್ರೆ ಮಾತ್ರವಾ?

ಮರದ್ದು ಉಲ್ಟಾ. ಒಣಗಿದ ಮರದ ತೂಕದ ಅರ್ಧ ಇಂಗಾಲ. ಒಂದು ಘನ ಮೀಟರ್ ಮರ, ಹಗುರ ಜಾತಿಯದೇ ಆದ್ರೂ, ಗಾಳಿಯಿಂದ ಎಳೆದ ಸುಮಾರು 900 ಕೆಜಿ ಕಾರ್ಬನ್ ಡೈಆಕ್ಸೈಡನ್ನ ಹಿಡಿದಿಟ್ಟುಕೊಂಡಿರುತ್ತೆ. ಗೋಡೆ ನಿಂತಿರೋ ತನಕ ಅದೂ ಒಳಗೇ.

ಹಾಗಂತ ಕಾಡಿನ ಮರ ಬೇಡವೇ ಬೇಡ. ಒಂದು ಮತ್ತಿ ಮರವೂ ಬೇಡ. ನಾನು ಹೇಳ್ತಿರೋದು ಅಕೇಶಿಯಾ ಬಗ್ಗೆ.

ಭದ್ರಾವತಿ ಎಂಪಿಎಂ ಕಾಗದ ಕಾರ್ಖಾನೆಗೆ ಅಂತ ಜಿಲ್ಲೆಯ ಸಾವಿರಾರು ಹೆಕ್ಟೇರ್ ಕಾಡುಭೂಮಿಯನ್ನ 40 ವರ್ಷ ಲೀಸ್ ಕೊಟ್ಟು ಏಕಜಾತಿ ನೆಡುತೋಪು ಮಾಡಿದ್ರು. ಕಾರ್ಖಾನೆ ನಿಂತಿತು. 2020ರಲ್ಲಿ ಲೀಸೂ ಮುಗಿಯಿತು. ಸರ್ಕಾರ ಮತ್ತೆ 40 ವರ್ಷಕ್ಕೆ ವಿಸ್ತರಿಸಿತು. ಅದಕ್ಕೇ 'ನಮ್ಮೂರಿಗೆ ಅಕೇಶಿಯಾ ಬೇಡ' ಅಂತ ಜನ ಬೀದಿಗಿಳಿದಿದ್ದು. ಆ ಕೂಗು ನನ್ನದೂ ಹೌದು. ಇನ್ನೊಂದು ಅಕೇಶಿಯಾ ಗಿಡ ನೆಡಬಾರದು.

ಆದ್ರೆ ಈಗಾಗ್ಲೇ ನಿಂತಿರೋದನ್ನ ಕಡಿದು ನಮ್ಮ ಕಾಡು ವಾಪಸ್ ಬೆಳೆಸಬೇಕು ಅಂದ್ರೆ ಆ ಮರ ಎಲ್ಲಿಗೆ ಹೋಗುತ್ತೆ? ಪಲ್ಪಿಗೆ, ಸೌದೆಗೆ. ನೋಟ್‌ಬುಕ್ಕಾಗಿ ಎರಡು ವರ್ಷಕ್ಕೆ ರದ್ದಿ, ಇಲ್ಲಾ ಒಲೆಯಲ್ಲಿ ಒಂದು ಗಂಟೆಗೆ ಬೂದಿ. ಹಿಡಿದಿಟ್ಟ ಇಂಗಾಲ ಎಲ್ಲ ವಾಪಸ್ ಗಾಳಿಗೆ. ಅದೇ ಅಕೇಶಿಯಾದಲ್ಲಿ ನಮ್ಮೂರ ಆಚಾರಿಗಳು ಬಾಗಿಲು, ಮಂಚ ಮಾಡ್ತಾ ಇದಾರೆ. ಮರ ಸೊಟ್ಟ, ನಿಜ. ಉದ್ದ ತೊಲೆ ಸಿಗಲ್ಲ, ನಿಜ. ಅದಕ್ಕೇ ಅಂಟಿಸಿದ ಪ್ಯಾನೆಲ್ ಬೇಕಿರೋದು: ಸಣ್ಣ ತುಂಡು ಜೋಡಿಸಿ ದೊಡ್ಡ ಹಲಗೆ ಮಾಡೋದೇ ಅದರ ಕೆಲಸ. ಬೆಂಗಳೂರು ಮಲ್ಲೇಶ್ವರದಲ್ಲಿ ಮರವಿಜ್ಞಾನ ಸಂಸ್ಥೆಯೇ ಇದೆ. ಪ್ಲೈವುಡ್ ಸಂಶೋಧನೆಗೆ ಇಪಿರ್ಟಿ ಅಂತ 1960ರ ದಶಕದಲ್ಲೇ ಶುರುವಾಗಿತ್ತು. ಅವರ ಲ್ಯಾಬಿಗೂ ನಮ್ಮ ಸಾಗರದ ಸಾಮಿಲ್ಲಿಗೂ ನಡುವೆ ಒಂದು ಬಸ್ಸಿನ ದೂರ ಅಷ್ಟೇ.

ಭಾಗ 5: ಉಳಿದ ಕಾಮೆಂಟುಗಳಿಗೆ, ಫಟಾಫಟ್

ಒರಲೆ? ಮರ ಮಣ್ಣು ಮುಟ್ಟಬಾರದು. ಜಂಬಿಟ್ಟಿಗೆಯ ಎತ್ತರದ ಪಂಚಾಂಗ, ಬೋರಾನ್ ಉಪಚಾರ, ವರ್ಷಕ್ಕೊಮ್ಮೆ ಟಾರ್ಚ್ ಹಿಡಿದು ನೋಡೋ ಅಭ್ಯಾಸ. ಅಜ್ಜಿ ಇದನ್ನೇ ಮಾಡ್ತಿದ್ರು, ಬೋರಾನ್ ಬಿಟ್ಟು.

ಬೆಂಕಿ? ತೆಳು ಹಲಗೆ ಬೇಗ ಹೊತ್ತುತ್ತೆ, ಸುಳ್ಳು ಹೇಳಲ್ಲ. ದಪ್ಪ ಮರ ಹೊರಗೆ ಇದ್ದಿಲಾಗ್ತಾ ನಿಮಿಷಕ್ಕೆ ಸುಮಾರು 0.7 ಮಿಲಿಮೀಟರ್ ಮಾತ್ರ ಒಳಗೆ ಸುಡುತ್ತೆ, ಅದನ್ನ ಲೆಕ್ಕಕ್ಕೆ ಹಿಡಿದೇ ದಪ್ಪ ನಿರ್ಧಾರ ಮಾಡ್ತಾರೆ. ವೈರಿಂಗ್ ಸರಿ ಇರಬೇಕು. ಅದು ಆರ್‌ಸಿಸಿಗೂ ಅನ್ವಯ.

ಮಳೆ? ಇಲ್ಲಿ ನಾನು ಪ್ಯಾನೆಲ್ ಮಾರೋರ ವಿರುದ್ಧ. ಜರ್ಮನಿಯ ಗೋಡೆಯನ್ನ ಹಾಗೇ ತಂದು ಹೊಸನಗರದಲ್ಲಿ ನಿಲ್ಲಿಸಿದ್ರೆ ಎರಡು ಆಷಾಢದಲ್ಲಿ ಒಳಗೊಳಗೇ ಬೂಸು ಹಿಡಿಯುತ್ತೆ. ಅಲ್ಲಿಯದು ಚಳಿಗೆ ಬಿಗಿಯಾಗಿ ಮುಚ್ಚಿದ ಮನೆ. ನಮಗೆ ಬೇಕಾದ್ದು ಗಾಳಿಯಾಡೋ ಮನೆ: ಅಗಲಕ್ಕೆ ಚಾಚಿದ ಸೂರು, ಹೊರ ಹಲಗೆ ಹಿಂದೆ ಗಾಳಿ ಹೋಗೋ ಸಂದು, ಇಳಿಜಾರು ಹಂಚಿನ ಮಾಡು. ಗೋಡೆ ಕಾರ್ಖಾನೆಯದಾಗಲಿ, ಬುದ್ಧಿ ಮಲೆನಾಡಿನದಾಗಲಿ.

ದುಡ್ಡು? ಈಗ ದುಬಾರಿ, ಯಾಕಂದ್ರೆ ಕಾರ್ಖಾನೆ ಹತ್ತಿರದಲ್ಲಿಲ್ಲ. ಕೇಳೋರಿಲ್ಲ ಅಂತ ಕಾರ್ಖಾನೆ ಇಲ್ಲ, ಕಾರ್ಖಾನೆ ಇಲ್ಲ ಅಂತ ಕೇಳೋರಿಲ್ಲ. ಈ ಚಕ್ರ ಒಡೆಯಬೇಕಾದ್ದು ಸರ್ಕಾರ. ಅದು ಏನು ಮಾಡಿತು? 2025ರ ಸೆಪ್ಟೆಂಬರಲ್ಲಿ ಸಿಮೆಂಟಿನ ಜಿಎಸ್‌ಟಿ 28ರಿಂದ 18%ಗೆ ಇಳಿಸಿತು. ಕೊಯ್ದ ಮರದ್ದೂ 18%. ಹೊಗೆ ಬಿಡೋದಕ್ಕೂ ಹೊಗೆ ಹಿಡಿಯೋದಕ್ಕೂ ಒಂದೇ ತೆರಿಗೆ!

ಭಾಗ 6

ಕೇಂದ್ರ ಲೋಕೋಪಯೋಗಿ ಇಲಾಖೆ 1993ರಲ್ಲಿ ತನ್ನ ಕಟ್ಟಡಗಳಲ್ಲಿ ಮರ ಬಳಸೋದನ್ನ ನಿಷೇಧಿಸಿತ್ತು. 2020ರಲ್ಲಿ ಆ ನಿಷೇಧ ತೆಗೀತು. ಅಂದ್ರೆ ದೆಹಲಿಗೂ ಅರ್ಥ ಆಗಿದೆ. ಹಾಗಿದ್ರೆ ನಮ್ಮ ತಾಲ್ಲೂಕಲ್ಲಿ ಮುಂದೆ ಕಟ್ಟೋ ಒಂದು ಅಂಗನವಾಡಿ, ಒಂದು ಗ್ರಾಮ ಪಂಚಾಯ್ತಿ ಲೈಬ್ರರಿ ಪ್ಯಾನೆಲ್‌ನಲ್ಲಿ ಯಾಕೆ ಆಗಬಾರದು? ಮುಂದಿನ ಗ್ರಾಮಸಭೆಯಲ್ಲಿ ಇದನ್ನ ಕೇಳೋದು ನಾನು. ನೀವೂ ನಿಮ್ಮೂರಲ್ಲಿ ಕೇಳಿ. ನಗ್ತಾರೆ, ನಗಲಿ. ಆ ಹೊತ್ತಿಗೆ ಮೇಲೆ ಶೀಟಿನ ಸದ್ದು ಜೋರಾಗಿದ್ರೆ ಸ್ವಲ್ಪ ಕೂಗಿ ಕೇಳಿ.

ಈ ವಾರ ಮಾತ್ರ ಒಂದು ಕೆಲಸ. ನಿಮ್ಮ ಮನೆ ಅಥವಾ ಅಜ್ಜನಮನೆಯ ಮುಚ್ಚಿಗೆ ಫೋಟೋ ತೆಗೆದು ಸ್ಟೋರಿ ಹಾಕಿ, ನನ್ನನ್ನ ಟ್ಯಾಗ್ ಮಾಡಿ. ಯಾವ ಮರ, ಎಷ್ಟು ವರ್ಷ ಅಂತ ಮನೆಯ ಹಿರಿಯರನ್ನ ಕೇಳಿ ಬರೀರಿ. ನಂಗೆ ಟೇಬಲ್ ಮಾಡ್ಬೇಕು. ಪಕ್ಕದ ಕಾಲಮ್ಮಲ್ಲಿ 40% ಡಿಪ್ರಿಸಿಯೇಷನ್ ಹಾಕಿ ತೋರಿಸ್ತೀನಿ.

#ಮಲೆನಾಡು #ಸಾಗರ #ಹೊಸನಗರ #ತೀರ್ಥಹಳ್ಳಿ #ಮುಚ್ಚಿಗೆ #ಮರದಮನೆ