ದನಿ ಉಡುಗಿದ ಲ್ಯಾಪ್‌ಟಾಪ್: ಎಸೆಯುವ ಮುನ್ನ

ಪರದೆ ಬೆಳಗುತ್ತದೆ, ಅಕ್ಷರ ಮೂಡುತ್ತದೆ, ಚಿತ್ರ ಚಲಿಸುತ್ತದೆ, ಆದರೆ ದನಿಯಿಲ್ಲ. ಲ್ಯಾಪ್‌ಟಾಪ್ ಬಳಸುವವರಲ್ಲಿ ಈ ತೊಂದರೆಯನ್ನು ಕಾಣದವರು ವಿರಳ. ನಗರದಲ್ಲಿ ಇದು ಅರ್ಧ ದಿನದ ಕಿರಿಕಿರಿ. ಬಸ್ಸು ವಿರಳವಾದ, ರಿಪೇರಿ ಅಂಗಡಿಗಾಗಿ ತಾಲ್ಲೂಕು ಕೇಂದ್ರಕ್ಕೇ ಹೋಗಬೇಕಾದ ಘಟ್ಟದ ಊರುಗಳಲ್ಲಿ ಅದೇ ತೊಂದರೆ ವಾರಗಟ್ಟಲೆ ಉಳಿಯುತ್ತದೆ. 2020ರ ಕೊರೊನಾ ಕಾಲದಲ್ಲಿ ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿದ ಮಲೆನಾಡಿನ ವಿದ್ಯಾರ್ಥಿಗಳಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ದನಿಯಿಲ್ಲದ ಲ್ಯಾಪ್‌ಟಾಪ್ ಎಂದರೆ ಮೇಷ್ಟರಿಲ್ಲದ ತರಗತಿ.

ಇಂತಹ ಯಂತ್ರಕ್ಕೆ ಸಾಮಾನ್ಯವಾಗಿ ದೊರೆಯುವ ತೀರ್ಪು ಒಂದೇ: ‘ಬೋರ್ಡ್ ಹೋಗಿದೆ, ಹಳೆಯದಾಯಿತು, ಹೊಸದನ್ನು ಕೊಳ್ಳಿ.’ ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಬುದ್ಧಿ ಇದು. ದನಿ ನಿಂತ ಲ್ಯಾಪ್‌ಟಾಪು ಸತ್ತ ಲ್ಯಾಪ್‌ಟಾಪಲ್ಲ. ದೋಷವು ಹಲವು ಬಾರಿ ಒಂದು ಗುಂಡಿಯಲ್ಲಿ, ಒಂದು ತಂತ್ರಾಂಶದಲ್ಲಿ ಅಥವಾ ಅಗ್ಗದ ಒಂದು ಬಿಡಿಭಾಗದಲ್ಲಿ ಅಡಗಿರುತ್ತದೆ. ಅದನ್ನು ಹುಡುಕುವ ತಿಳಿವಳಿಕೆ ಊರಿನಲ್ಲಿಯೇ ಇರಬೇಕು. ಅದು ಹಣದ ಪ್ರಶ್ನೆಯಾಗಿರುವಂತೆಯೇ ಪರಿಸರದ ಪ್ರಶ್ನೆಯೂ ಹೌದು.

ಮೌನದ ಮೂಲ ಹುಡುಕುವ ಕ್ರಮ

ಮೊದಲ ಪರೀಕ್ಷೆಗೆ ಯಾವ ಸಲಕರಣೆಯೂ ಬೇಡ. ಕೀಲಿಮಣೆಯ ಮೇಲ್ಸಾಲಿನಲ್ಲಿ ಸ್ಪೀಕರ್ ಚಿತ್ರವಿರುವ ಮ್ಯೂಟ್ ಗುಂಡಿಯನ್ನು ಕೈತಪ್ಪಿ ಒತ್ತಿರುವ ಸಾಧ್ಯತೆ ಇರುತ್ತದೆ. ಪರದೆಯ ಮೂಲೆಯ ವಾಲ್ಯೂಮ್ ಚಿಹ್ನೆಯನ್ನು ನೋಡಿದರೆ ಇದು ತಿಳಿಯುತ್ತದೆ. ವಿಂಡೋಸ್‌ನಲ್ಲಿ ಪ್ರತಿಯೊಂದು ತಂತ್ರಾಂಶಕ್ಕೂ ಬೇರೆಬೇರೆ ವಾಲ್ಯೂಮ್ ಇರುವುದರಿಂದ, ಹಾಡು ಕೇಳಿಸಿ ಪಾಠ ಮಾತ್ರ ಕೇಳಿಸದಿದ್ದರೆ ವಾಲ್ಯೂಮ್ ಮಿಕ್ಸರ್ ತೆರೆದು ನೋಡಬೇಕು.

ಎರಡನೆಯದು, ದನಿ ಬೇರೆಡೆಗೆ ಹೋಗುತ್ತಿದೆಯೇ ಎಂಬ ಪರೀಕ್ಷೆ. ಹಿಂದೆಂದೋ ಜೋಡಿಸಿದ್ದ ಬ್ಲೂಟೂತ್ ಸ್ಪೀಕರಿಗೆ ಅಥವಾ ಎಚ್‌ಡಿಎಂಐ ತಂತಿಯ ಮೂಲಕ ಟೀವಿಗೆ ಯಂತ್ರವು ದನಿಯನ್ನು ಕಳುಹಿಸುತ್ತಿರಬಹುದು. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್ ಎಂಬಲ್ಲಿ ಲ್ಯಾಪ್‌ಟಾಪಿನದೇ ಸ್ಪೀಕರನ್ನು ಆರಿಸಿದರೆ ದನಿ ಮರಳುತ್ತದೆ.

ಮೂರನೆಯ ಪರೀಕ್ಷೆ ಅತ್ಯಂತ ಉಪಯುಕ್ತವಾದದ್ದು. ತಂತಿಯ ಹೆಡ್‌ಫೋನ್ ಒಂದನ್ನು ಚುಚ್ಚಬೇಕು. ಅದರಲ್ಲಿ ದನಿ ಸ್ಪಷ್ಟವಾಗಿ ಕೇಳಿಸಿದರೆ ದನಿ ಹುಟ್ಟಿಸುವ ಚಿಪ್ ಮತ್ತು ತಂತ್ರಾಂಶಗಳು ನೆಟ್ಟಗಿವೆ ಎಂದರ್ಥ. ಆಗ ದೋಷ ಸ್ಪೀಕರಿನಲ್ಲಿ, ಅದರ ಒಳತಂತಿಯಲ್ಲಿ ಅಥವಾ ಹೆಡ್‌ಫೋನ್ ತೂತಿನಲ್ಲಿ ಇರುವ ಸಂಭವ ಹೆಚ್ಚು. ಅನೇಕ ಲ್ಯಾಪ್‌ಟಾಪುಗಳಲ್ಲಿ ಆ ತೂತಿನೊಳಗೆ ಸಣ್ಣದೊಂದು ಸ್ವಿಚ್ ಇದ್ದು, ಹೆಡ್‌ಫೋನ್ ಚುಚ್ಚಿದೊಡನೆ ಅದು ಸ್ಪೀಕರನ್ನು ನಿಲ್ಲಿಸುತ್ತದೆ. ಧೂಳು, ಕಿಲುಬು ಕಟ್ಟಿ ಆ ಸ್ವಿಚ್ ಅಂಟಿಕೊಂಡರೆ ಹೆಡ್‌ಫೋನ್ ಇಲ್ಲದಿದ್ದರೂ ಇದೆಯೆಂದೇ ಯಂತ್ರ ಭಾವಿಸುತ್ತದೆ. ಪ್ಲಗ್ಗನ್ನು ಹತ್ತಾರು ಬಾರಿ ಚುಚ್ಚಿ ತೆಗೆದರೆ, ಯಂತ್ರ ಆರಿಸಿ ಮೃದು ಕುಂಚದಿಂದ ಧೂಳು ತೆಗೆದರೆ ಎಷ್ಟೋ ವೇಳೆ ಅಷ್ಟೇ ಸಾಕಾಗುತ್ತದೆ.

ಹೆಡ್‌ಫೋನಿನಲ್ಲೂ ದನಿಯಿಲ್ಲವೆಂದರೆ ಡ್ರೈವರ್ ಕಡೆಗೆ ತಿರುಗಬೇಕು. ಯಂತ್ರದ ಚಿಪ್ಪಿಗೂ ವಿಂಡೋಸ್‌ಗೂ ನಡುವೆ ದುಭಾಷಿಯಂತೆ ಕೆಲಸ ಮಾಡುವ ಸಣ್ಣ ತಂತ್ರಾಂಶವಿದು. ವಿಂಡೋಸ್ ಅಪ್‌ಡೇಟ್ ಆದ ಮರುದಿನ ದನಿ ನಿಂತಿದ್ದರೆ ಮೊದಲ ಅನುಮಾನ ಇದರ ಮೇಲೆಯೇ ಇರಬೇಕು. ಡಿವೈಸ್ ಮ್ಯಾನೇಜರ್ ತೆರೆದು, ಸೌಂಡ್ ವಿಭಾಗದಲ್ಲಿರುವ ಆಡಿಯೊ ಸಾಧನದ ಡ್ರೈವರನ್ನು ರೋಲ್ ಬ್ಯಾಕ್ ಮಾಡಿ ಹಿಂದಿನ ಆವೃತ್ತಿಗೆ ಮರಳಿಸಬಹುದು. ಇಲ್ಲವೇ ಸಾಧನವನ್ನು ಅನ್‌ಇನ್‌ಸ್ಟಾಲ್ ಮಾಡಿ ಯಂತ್ರವನ್ನು ಮತ್ತೆ ಚಾಲೂ ಮಾಡಿದರೆ ವಿಂಡೋಸ್ ತಾನೇ ಡ್ರೈವರನ್ನು ಹೊಸದಾಗಿ ಕೂಡಿಸಲು ಯತ್ನಿಸುತ್ತದೆ. ಅದೂ ಫಲಿಸದಿದ್ದರೆ ಲ್ಯಾಪ್‌ಟಾಪಿನ ಅಡಿಯ ಚೀಟಿಯಲ್ಲಿರುವ ಮಾದರಿ ಸಂಖ್ಯೆಯನ್ನು ಹಿಡಿದು ತಯಾರಕರ ತಾಣದಿಂದಲೇ ಡ್ರೈವರ್ ಪಡೆಯಬೇಕು.

ಕೊನೆಯ ತೀರ್ಪಿಗೆ ಲಿನಕ್ಸ್ ನೆರವಾಗುತ್ತದೆ. ಉಬುಂಟುವಿನಂತಹ ಉಚಿತ ವ್ಯವಸ್ಥೆಯನ್ನು ಪೆನ್‌ಡ್ರೈವಿಗೆ ತುಂಬಿಕೊಂಡು, ಲ್ಯಾಪ್‌ಟಾಪಿನೊಳಗೆ ಏನನ್ನೂ ಅಳಿಸದೆ ಅದರಿಂದಲೇ ಯಂತ್ರವನ್ನು ಚಾಲೂ ಮಾಡಬಹುದು. ಅಲ್ಲಿ ದನಿ ಬಂದರೆ ಯಂತ್ರಕ್ಕೆ ಕಾಯಿಲೆಯಿಲ್ಲ, ಕಾಯಿಲೆ ವಿಂಡೋಸ್‌ನದು. ಅಲ್ಲಿಯೂ ಬಾರದಿದ್ದರೆ ಯಂತ್ರದೊಳಗೆ ದೋಷವಿರುವ ಸಂಭವ ಹೆಚ್ಚು. ಬೋರ್ಡಿನ ಮೇಲಿನ ದನಿಯ ಚಿಪ್ಪೇ ಕೆಟ್ಟಿದ್ದರೂ ದಾರಿ ಮುಚ್ಚುವುದಿಲ್ಲ. ಕೆಲವು ನೂರು ರೂಪಾಯಿಗೆ ಸಿಗುವ ಯುಎಸ್‌ಬಿ ಸೌಂಡ್ ಕಾರ್ಡನ್ನು ಚುಚ್ಚಿದರೆ ಅದೇ ಲ್ಯಾಪ್‌ಟಾಪಿನಲ್ಲಿ ಪಾಠ ಮತ್ತೆ ಕೇಳಿಸುತ್ತದೆ.

ಮಳೆಗಾಲದ ಕಾಟ

ಮಲೆನಾಡಿನ ಯಂತ್ರಗಳಿಗೆ ಬಯಲುಸೀಮೆಯ ಯಂತ್ರಗಳಿಗಿಲ್ಲದ ಒಂದು ಶತ್ರುವಿದೆ. ಆಷಾಢ, ಶ್ರಾವಣಗಳಲ್ಲಿ ಬೆಲ್ಲ ನೀರೊಡೆಯುವ, ಚಪ್ಪಲಿಗೆ ಬೂಷ್ಟು ಹಿಡಿಯುವ ಮನೆಯಲ್ಲಿ ಲ್ಯಾಪ್‌ಟಾಪು ಮಾತ್ರ ಒಣಗಿರುವುದು ಹೇಗೆ? ತೇವದಿಂದ ಒಳಗಿನ ಜೋಡಣೆಗಳಿಗೆ ಕಿಲುಬು ಹಿಡಿಯುತ್ತದೆ, ಸ್ಪೀಕರಿನ ತೆಳುಪೊರೆ ಸಡಿಲಗೊಳ್ಳುತ್ತದೆ, ಬೆಚ್ಚನೆಯ ಗೂಡು ಸಿಕ್ಕಿತೆಂದು ಇರುವೆಗಳೂ ಸೇರಿಕೊಳ್ಳುತ್ತವೆ. ರಜೆಯೆಂದು ಯಂತ್ರವನ್ನು ತಿಂಗಳುಗಟ್ಟಲೆ ಚೀಲದಲ್ಲಿ ಮುಚ್ಚಿಡುವುದೇ ದೊಡ್ಡ ತಪ್ಪು. ವಾರಕ್ಕೆರಡು ಬಾರಿ ಒಂದು ಗಂಟೆ ಚಾಲೂ ಇಟ್ಟರೆ ಅದರ ಸ್ವಂತ ಕಾವಿಗೇ ತೇವ ಆರುತ್ತದೆ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಚಾರ್ಜರನ್ನು ಗೋಡೆಯಿಂದ ಕಿತ್ತಿಡಬೇಕು. ನೀರು ಬಿದ್ದರೆ ಕೂಡಲೇ ಆರಿಸಬೇಕು. ಸರಿಯಾಗಿದೆಯೇ ಎಂದು ಮತ್ತೆ ಮತ್ತೆ ಗುಂಡಿ ಒತ್ತುವುದರಿಂದ ಉಳಿಯುತ್ತಿದ್ದ ಬೋರ್ಡೂ ಸುಡುತ್ತದೆ. ಬ್ಯಾಟರಿ ಉಬ್ಬಿದ ಯಂತ್ರವನ್ನು ಮನೆಯಲ್ಲಿ ಬಿಚ್ಚಲೇಬಾರದು. ಲಿಥಿಯಂ ಬ್ಯಾಟರಿಗೆ ತೂತು ಬಿದ್ದರೆ ಬೆಂಕಿ ಹೊತ್ತುತ್ತದೆ. ಅದು ತಿಳಿದವರ ಕೈಗೇ ಹೋಗಬೇಕಾದ ಕೆಲಸ.

ಗಣಿಯಿಂದ ಕಸದ ಗುಡ್ಡೆಗೆ

ಒಂದು ಸ್ಪೀಕರಿಗಾಗಿ ಇಷ್ಟೇಕೆ ತಲೆಕೆಡಿಸಿಕೊಳ್ಳಬೇಕೆಂದು ಕೇಳುವವರಿದ್ದಾರೆ. ಉಗುರಗಲದ ಆ ಸ್ಪೀಕರಿನೊಳಗಿನ ಕಾಂತಕ್ಕೆ ಬೇಕಾಗುವ ನಿಯೋಡಿಮಿಯಂನಂತಹ ವಿರಳ ಲೋಹಗಳನ್ನು ಅಗೆಯುವ ಜಗತ್ತಿನ ಅತಿ ದೊಡ್ಡ ಗಣಿ ಚೀನಾದ ಒಳಮಂಗೋಲಿಯಾದ ಬಯಾನ್ ಓಬೊದಲ್ಲಿದೆ. ಗಣಿಯ ಅದಿರನ್ನು ಸಂಸ್ಕರಿಸುವ ಬಾವ್‌ಟೌ ನಗರದ ಬಳಿ ವಿಷದ ಕೆಸರಿನ ದೊಡ್ಡ ಕೆರೆಯೇ ನಿರ್ಮಾಣವಾಗಿದೆ. ಭದ್ರೆಯ ನೀರು ಗಣಿಯ ಹೂಳಿನಿಂದ ಕೆಂಪಾದುದನ್ನು ಕಂಡು ಹೋರಾಡಿ, ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಕುದುರೆಮುಖದ ಗಣಿಗಾರಿಕೆ ನಿಂತದ್ದನ್ನೂ ಕಂಡ ನೆಲ ಇದು. ತನ್ನ ಗುಡ್ಡವನ್ನು ಉಳಿಸಿಕೊಂಡ ಜನ ಮತ್ತೊಬ್ಬರ ಗುಡ್ಡವನ್ನು ಕರಗಿಸುವ ಖರೀದಿಯಲ್ಲಿ ಉದಾಸೀನರಾಗಿರಲು ಬಾರದು.

ಹಳೆಯ ಯಂತ್ರ ಹೆಚ್ಚು ವಿದ್ಯುತ್ ಕುಡಿಯುತ್ತದೆ, ಹೊಸದು ಪರಿಸರಸ್ನೇಹಿ ಎಂಬ ವಾದವೂ ಇದೆ. ಫ್ರಿಜ್ಜಿಗೆ ಈ ಮಾತು ಕೆಲವೊಮ್ಮೆ ಒಪ್ಪಬಹುದು. ಆದರೆ ಲ್ಯಾಪ್‌ಟಾಪು ತನ್ನ ಆಯುಸ್ಸಿನಲ್ಲಿ ವಾತಾವರಣಕ್ಕೆ ಸೇರಿಸುವ ಇಂಗಾಲದ ಬಹುಪಾಲು ಬಿಡುಗಡೆಯಾಗುವುದು ಅದನ್ನು ತಯಾರಿಸುವಾಗಲೇ. ಇರುವ ಯಂತ್ರವನ್ನು ಇನ್ನೆರಡು ವರ್ಷ ದುಡಿಸುವುದೇ ನಿಜವಾದ ಉಳಿತಾಯ.

ಎಸೆದದ್ದು ಎಲ್ಲಿಗೆ ಹೋಗುತ್ತದೆ? ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯವನ್ನು ಸೃಷ್ಟಿಸಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದೆಂದು ದಾಖಲಾದದ್ದು ಶೇಕಡಾ 22.3 ಮಾತ್ರ. ಉಳಿದುದರಲ್ಲಿ ಎಷ್ಟೋ ಪಾಲು ದೆಹಲಿಯ ಸೀಲಂಪುರ, ಉತ್ತರ ಪ್ರದೇಶದ ಮೊರಾದಾಬಾದಿನಂತಹ ಕಡೆ ಬಡವರ ಬರಿಗೈ ಸೇರುತ್ತದೆ. ಅಲ್ಲಿ ಬೋರ್ಡುಗಳನ್ನು ಸುಟ್ಟು, ಆಮ್ಲದಲ್ಲಿ ಅದ್ದಿ ಲೋಹ ತೆಗೆಯುವಾಗ ಸೀಸದ ಹೊಗೆ ಮಕ್ಕಳ ಉಸಿರಿಗೆ ಸೇರುತ್ತದೆ.

ಕಾನೂನಿನ ತಕ್ಕಡಿ

ಕೇಂದ್ರ ಸರ್ಕಾರದ 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ತಯಾರಕರು ಪೂರೈಸಬೇಕಾದ ಮರುಬಳಕೆಯ ಗುರಿಯನ್ನು ಅವು 2025-26ಕ್ಕೆ ಶೇಕಡಾ 70ಕ್ಕೆ, 2027-28ರಿಂದ ಶೇಕಡಾ 80ಕ್ಕೆ ನಿಗದಿಪಡಿಸಿವೆ. ಇದು ಸ್ವಾಗತಾರ್ಹ. ಆದರೆ ಈ ತಕ್ಕಡಿ ತೂಗುವುದು ಸತ್ತ ಯಂತ್ರಗಳನ್ನು. ಬದುಕಬಹುದಾಗಿದ್ದ ಯಂತ್ರ ಅಕಾಲದಲ್ಲಿ ಏಕೆ ಸತ್ತಿತೆಂದು ಅದು ಕೇಳುವುದಿಲ್ಲ. ದುರಸ್ತಿಯ ಹಕ್ಕಿನ ಜಾಲತಾಣವನ್ನು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ಆರಂಭಿಸಿತು. ಕಂಪನಿಗಳು ತಮ್ಮ ಸೇವಾ ಮಾಹಿತಿಯನ್ನು ಅಲ್ಲಿ ನೀಡಬಹುದು. ಆದರೆ ತಾಣವೊಂದು ಕಾನೂನಿಗೆ ಸಮನಲ್ಲ. ಫ್ರಾನ್ಸಿನಲ್ಲಿ 2021ರ ಜನವರಿಯಿಂದ ಲ್ಯಾಪ್‌ಟಾಪ್ ಮಾರುವವರು ಅದನ್ನು ಎಷ್ಟು ಸುಲಭವಾಗಿ ದುರಸ್ತಿ ಮಾಡಬಹುದೆಂಬುದಕ್ಕೆ ಹತ್ತರಲ್ಲಿ ಅಂಕ ತೋರಿಸಬೇಕಾಗಿದೆ. ಕೊಳ್ಳುವವನಿಗೆ ಬೆಲೆಯ ಜೊತೆಗೆ ಬಾಳಿಕೆಯೂ ಕಾಣುವಂತಾಯಿತು.

ಇದರ ನಡುವೆ ವಿಂಡೋಸ್ 10ಕ್ಕೆ ಸಾಮಾನ್ಯ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ. ವಿಂಡೋಸ್ 11 ಕೇಳುವ ಅರ್ಹತೆ ಹಳೆಯ ಲ್ಯಾಪ್‌ಟಾಪುಗಳಲ್ಲಿ ಅನೇಕಕ್ಕೆ ಇಲ್ಲ. ಮೈಯಲ್ಲಿ ಕಸುವಿರುವ ಯಂತ್ರಗಳು ಕಾಗದದ ಮೇಲೆ ಮುದಿಯಾಗಿವೆ. ಲಿನಕ್ಸ್ ಕಲಿತ ಊರಿಗೆ ಈ ಹೆದರಿಕೆ ಕಡಿಮೆ.

ಊರಿನಲ್ಲಿ ಆಗಬೇಕಾದದ್ದು

ಮಲೆನಾಡಿನವರಿಗೆ ದುರಸ್ತಿ ಹೊಸ ಪಾಠವಲ್ಲ. ಮೊಂಡಾದ ಕತ್ತಿ ಕುಲುಮೆಗೆ ಹೋಗಿ ಹದವಾಗಿ ಬರುತ್ತಿತ್ತು. ಮಳೆ ಹಿಡಿಯುವ ಮೊದಲು ಕೊಡೆಗೆ ಹೊಸ ಕಡ್ಡಿ ಬೀಳುತ್ತಿತ್ತು. ಆ ವಿವೇಕವನ್ನು ಲ್ಯಾಪ್‌ಟಾಪಿಗೂ ವಿಸ್ತರಿಸಬೇಕಷ್ಟೆ. ನೆದರ್‌ಲ್ಯಾಂಡಿನ ಆಮ್‌ಸ್ಟರ್‌ಡಾಮಿನಲ್ಲಿ 2009ರಲ್ಲಿ ಆರಂಭವಾದ ರಿಪೇರಿ ಕೆಫೆ ಎಂಬ ಕೂಟಗಳು ಬೆಂಗಳೂರಿಗೂ ಬಂದಿವೆ. ಕೆಟ್ಟ ವಸ್ತು ತಂದವರು ತಿಳಿದವರ ಪಕ್ಕದಲ್ಲಿ ಕುಳಿತು, ನೋಡಿ ಕಲಿತು, ಸರಿಪಡಿಸಿಕೊಂಡು ಹೋಗುತ್ತಾರೆ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ, ಕಾಲೇಜುಗಳಲ್ಲಿ ತಿಂಗಳಿಗೊಂದು ದಿನ ಇಂತಹ ಕೂಟ ನಡೆಯಲಿ. ಒಂದು ಲಿನಕ್ಸ್ ಪೆನ್‌ಡ್ರೈವ್, ಒಂದು ಹೆಡ್‌ಫೋನ್, ಒಂದು ಯುಎಸ್‌ಬಿ ಸೌಂಡ್ ಕಾರ್ಡ್, ಸಣ್ಣ ಸ್ಕ್ರೂಡ್ರೈವರುಗಳು, ಕಂಡುಕೊಂಡದ್ದನ್ನು ಬರೆದಿಡಲು ಒಂದು ಪುಸ್ತಕ. ಬಂಡವಾಳ ಇಷ್ಟೇ ಸಾಕು. ಪೇಟೆಯ ಪ್ರಾಮಾಣಿಕ ಮೆಕ್ಯಾನಿಕ್ಕಿಗೆ ಅವನ ಶ್ರಮದ ಬೆಲೆಯನ್ನು ಚೌಕಾಸಿಯಿಲ್ಲದೆ ಕೊಡುವುದೂ ಪರಿಸರ ಸೇವೆಯೇ.

ಸರ್ಕಾರದ ಹೊಣೆಯೂ ಇದೆ. ವಿದ್ಯಾರ್ಥಿಗಳಿಗೆ ವಿತರಿಸಲು ಸಾವಿರಗಟ್ಟಲೆ ಲ್ಯಾಪ್‌ಟಾಪುಗಳನ್ನು ಒಮ್ಮೆಗೇ ಕೊಳ್ಳುವಾಗ ಕಂಪನಿಗಳು ಸರ್ಕಾರದ ಮಾತು ಕೇಳುತ್ತವೆ. ಏಳು ವರ್ಷ ಬಿಡಿಭಾಗಗಳು ಸಿಗಬೇಕು, ಡ್ರೈವರುಗಳು ಮುಕ್ತವಾಗಿರಬೇಕು, ದುರಸ್ತಿಯ ಕೈಪಿಡಿ ಕನ್ನಡದಲ್ಲಿರಬೇಕು ಎಂಬ ಮೂರು ಷರತ್ತುಗಳನ್ನು ಟೆಂಡರಿನಲ್ಲಿಯೇ ಬರೆಯಲಿ. ಗ್ರಾಮಸಭೆಗಳೂ ವಿದ್ಯಾರ್ಥಿ ಸಂಘಟನೆಗಳೂ ಈ ಬೇಡಿಕೆಯನ್ನು ಠರಾವಿನ ರೂಪದಲ್ಲಿ ಕಳುಹಿಸಬೇಕು. ಅದಕ್ಕೆ ಮುನ್ನ ಪ್ರತಿ ಮನೆಯ ಅಟ್ಟದ ಮೇಲೆ ಮೂಕವಾಗಿ ಕುಳಿತ ಲ್ಯಾಪ್‌ಟಾಪನ್ನು ಕೆಳಗಿಳಿಸಿ, ಧೂಳು ಒರೆಸಿ, ಒಂದು ಹೆಡ್‌ಫೋನ್ ಚುಚ್ಚಿ ನೋಡುವ ಕೆಲಸ ಈ ಭಾನುವಾರವೇ ಆಗಬಹುದು.