ಒಬ್ಬಾಕಿ ಸಲುವಾಗಿ ಹಂಚು ಕಾಸಬೇಕೇನು?



ಹಿಂಗಾರಿ ಜೋಳ ಹಾಲುಗಾಳು ಹಿಡಿದಾವ. ಇನ್ನೊಂದು ಎಂಟು ದಿನಕ್ಕ ಸೀತನಿ ತಿನ್ನಾಕ ಬರ್ತಾವ. ಹಕ್ಕಿ ಕಾಟ ಈ ಸಲನೂ ತಪ್ಪಿಲ್ಲ. ಬೆಳಿ ಬಗ್ಗೆ ಇವತ್ತಿಗೆ ಇಷ್ಟ ಸಾಕು. ನಾ ಬರೀಬೇಕಂತ ಕುಂತದ್ದು ಒಲಿ ಬಗ್ಗೆ.

ಮೊನ್ನೆ ಸಂತಿ ದಿನ ಚಾದಂಗಡಿ ಕಟ್ಟಿ ಮ್ಯಾಲ ಮಾತು ನಡೆದಿತ್ತು. ನಮ್ಮ ದೋಸ್ತ ಒಬ್ಬ ಜೋರು ಮಾಡಿ ಹೇಳಿದ: "ಪುಕ್ಕಟೆ ಅಕ್ಕಿ ಕೊಟ್ಟು ನಮ್ಮ ಮಂದಿನ್ನ ಕೆಡಿಸಿಬಿಟ್ರು. ಈಗಿನ ಹೆಣಮಕ್ಕಳಿಗೆ ರೊಟ್ಟಿ ಬಡಿಯಾಕ ಮೈ ಬಗ್ಗವಲ್ದು. ಒಂದು ಹಿಡಿ ಅಕ್ಕಿ ಒಲಿ ಮ್ಯಾಲಿಟ್ಟು ಟೀವಿ ಮುಂದ ಕೂಡ್ತಾರ." ಎಲ್ಲಾರೂ ಹೌದ ಹೌದು ಅಂದ್ರು. ನಾನೂ ಗೋಣು ಹಾಕಿದೆ. ಹಂಗ ಗೋಣು ಹಾಕಿದ್ದು ಮನಿಗೆ ಬಂದಮ್ಯಾಲ ಚುಚ್ಚಾಕ ಹತ್ತಿತು, ಅದಕ್ಕ ಬರೀತೀನಿ.

ಕಟ್ಟಿ ಮ್ಯಾಲ ನಾವು ಏಳು ಮಂದಿ ಇದ್ವಿ. ಏಳರಾಗ ಈ ವರ್ಷ ಜೋಳ ಬಿತ್ತಿದವರು ಇಬ್ಬರು. ರೊಟ್ಟಿ ಬಡಿಯಾಕ ಬರೋವ್ರು ಒಬ್ಬರೂ ಇಲ್ಲ.

ನಮ್ಮ ಓಣ್ಯಾಗ ಒಬ್ಬ ದೊಡ್ಡವ್ವ ಅದಾಳ. ಎಪ್ಪತ್ತು ದಾಟ್ಯಾವ. ಇಬ್ಬರು ಗಂಡಮಕ್ಕಳು, ಒಬ್ಬಾತ ಪುಣೆದಾಗ, ಒಬ್ಬಾತ ಗೋವಾದಾಗ. ಹಬ್ಬಕ್ಕ ಬರ್ತಾರ, ಇಲ್ಲಾಂದ್ರ ಫೋನು. ಆಕಿ ದಿನಾ ಎರಡು ಹೊತ್ತು ಸಣ್ಣ ಬೋಗಾಣ್ಯಾಗ ಒಬ್ಬಾಕಿಗಷ್ಟ ಅನ್ನ ಕುದಿಸ್ಕೊತಾಳ. ಹೋದ ವರ್ಷ ನಾನ ದೊಡ್ಡ ಶಾಣ್ಯಾನಂಗ ಹೇಳಿದ್ದೆ: "ದೊಡ್ಡವ್ವಾ, ಸಕ್ಕರಿ ರೋಗ ಐತಿ ನಿನಗ, ದಿನಾ ಅನ್ನ ಯಾಕ ಉಣ್ತಿ, ಎರಡು ರೊಟ್ಟಿ ಬಡಕೋಬಾರದ?" ಆಕಿ ಅಂದಳು: "ತಮ್ಮಾ, ಒಬ್ಬಾಕಿ ಸಲುವಾಗಿ ಹಂಚು ಕಾಸಬೇಕೇನು? ನೀ ಬಂದು ಬಡದು ಕೊಡ್ತಿ?"

ನಾ ಸುಮ್ನಾದೆ. ಆಕಿ ಮಾತು ಲೆಕ್ಕ ಹಾಕಿ ನೋಡಿದ್ರ ಪೂರಾ ಖರೆ ಐತಿ.

ರೊಟ್ಟಿ ಲೆಕ್ಕ ನೋಡ್ರಿ. ಜೋಳ ಹಸನ ಮಾಡಬೇಕು, ಗಿರಣಿಗೆ ಒಯ್ಯಬೇಕು. ಒಬ್ಬಾಕಿ ಅಂತ ಅರ್ಧ ಕಿಲೋ ಹೊತ್ಕೊಂಡು ಹೋಗಾಕ ಆಗೂದಿಲ್ಲ, ಐದು ಕಿಲೋನರ ಬೀಸಿಸಬೇಕು. ಜೋಳದ ಹಿಟ್ಟು ಹಳೇದಾದಂಗ ಜಿಗಿ ಹೋಗತೈತಿ. ಐದು ಕಿಲೋ ಹಿಟ್ಟು ಒಬ್ಬಾಕಿ ಮುಗಿಸೋದರಾಗ ಕಡೀ ಹಿಟ್ಟಿನ ರೊಟ್ಟಿ ಅಂಚು ಒಡೀತಾವ, ಎತ್ತಾಕ ಹೋದ್ರ ಹರೀತಾವ. ನೀರು ಕಾಸಬೇಕು, ನಾದಬೇಕು, ಬಡೀಬೇಕು, ಹಂಚು ಕಾಯಿಸಬೇಕು. ಇಪ್ಪತ್ತು ರೊಟ್ಟಿಗೂ ಇದ ತಯಾರಿ, ಎರಡು ರೊಟ್ಟಿಗೂ ಇದ ತಯಾರಿ. ಆಮ್ಯಾಲ ಪಲ್ಯ ಬ್ಯಾರೆ.

ಅಕ್ಕಿ ಹಂಗಲ್ಲ. ಹತ್ತು ಮಂದಿಗೆ ಹತ್ತು ಹಿಡಿ, ಒಬ್ಬರಿಗೆ ಒಂದು ಹಿಡಿ. ಅಕ್ಕಿ ಒಬ್ಬರ ಲೆಕ್ಕಕ್ಕ ಇಳಿತೈತಿ, ರೊಟ್ಟಿ ಇಳಿಯೋದಿಲ್ಲ. ರೊಟ್ಟಿ ತುಂಬಿದ ಮನಿ ಊಟ. ಅತ್ತಿ, ಸೊಸಿ, ನೆಗೆಣ್ಣಿ ಮೂರು ಮಂದಿ ಒಲಿ ಮುಂದ ಇದ್ದಾಗಿನ ಊಟ ಅದು. ಒಬ್ಬಾಕಿ ಬಡದ್ರ ಇನ್ನೊಬ್ಬಾಕಿ ಬೇಯಿಸೋಕಿ. ಆ ಮನಿ ಈಗ ಎಲ್ಲೈತಿ? ಇಂಡಿ, ಸಿಂದಗಿ, ಮುದ್ದೇಬಿಹಾಳ ಯಾವ ತಾಲೂಕಿನ ಹಳ್ಳಿಗೆ ಬೇಕಾದ್ರೂ ಹೋಗ್ರಿ. ಸುಗ್ಗಿ ಮುಗಿದ ಮ್ಯಾಲ ಅರ್ಧ ಮನಿಗೆ ಕೀಲಿ, ಉಳಿದ ಅರ್ಧದಾಗ ಒಬ್ಬೊಬ್ಬ ಮುದುಕ, ಮುದುಕಿ. ತಾಂಡಾದವರು ಕಬ್ಬು ಕಡಿಯಾಕ ಮಹಾರಾಷ್ಟ್ರಕ್ಕ, ಹುಡುಗರು ಬೆಂಗಳೂರು, ಮಂಗಳೂರಿಗೆ. ಅಕ್ಕಿ ಬಂದದ್ದಕ್ಕ ರೊಟ್ಟಿ ಹೋಯ್ತು ಅಂತೀರಿ. ನಾ ಅಂತೀನಿ, ಮಂದಿ ಹೋದ್ರು, ಅವರ ಹಿಂದ ರೊಟ್ಟಿ ಹೋಯ್ತು, ಖಾಲಿ ಆದ ಬೋಗಾಣ್ಯಾಗ ಅಕ್ಕಿ ಬಂದು ಕುಂತಿತು.

ಅನ್ನಭಾಗ್ಯ ಸುರು ಆದದ್ದು 2013ರ ಜುಲೈದಾಗ. ಆಗ ಕಿಲೋಕ್ಕ 1 ರೂಪಾಯಿ. ಒಬ್ಬರಿದ್ದ ಮನಿಗೆ 10 ಕಿಲೋ, ಇಬ್ಬರಿಗೆ 20, ಮೂರು ಮತ್ತು ಹೆಚ್ಚಿಗೆ ಇದ್ರ 30. ನಂತರ ಪುಕ್ಕಟೆ ಆಯ್ತು. ಅದಕ್ಕೂ ಮೊದಲ ಬಡವರು ಏನು ಉಣ್ತಿದ್ರು ಅಂತ ಕಟ್ಟಿ ಮ್ಯಾಲಿನವರು ಮರೆತಾರ. ಇನ್ನೊಬ್ಬರ ಹೊಲದಾಗ ಜೋಳ ಕಿತ್ತು, ಕೂಲಿ ಜೋಳ ತಂದು, ಅದು ಮುಗಿದ ಮ್ಯಾಲ ಸಾಲ ತಂದು ಉಂಡವರಿಗೆ ಆ ಅಕ್ಕಿ ಏನಂತ ಗೊತ್ತೈತಿ. ಅವರ ಗಂಗಾಳದಾಗಿನ ಅನ್ನ ನೋಡಿ ನಾವು ಸೊಕ್ಕು ಅನ್ನೋದು ನಮಗ ಶೋಭಾ ಅಲ್ಲ.

ಇನ್ನೊಂದು. ಜೋಳ ಬಿಟ್ಟವರು ಮೊದಲ ಯಾರು? ನಾವ. ಡೋಣಿ ಸಾಲಿನ ಕರಿ ಎರಿ ಭೂಮ್ಯಾಗ ಮಾಲದಂಡಿ ಬೆಳೆದಂಗ ಬ್ಯಾರೆ ಎಲ್ಲಿ ಬೆಳೀತಿತ್ತು? ಈಗ ಆ ಹೊಲದಾಗ ತೊಗರಿ, ಕಡ್ಲಿ. ಕಾಲುವಿ ನೀರು ಮುಟ್ಟಿದಲ್ಲಿ ಕಬ್ಬು. ನಾ ಯಾರನ್ನೂ ಬೈಯಾಕ ಬರೂದಿಲ್ಲ, ನಂದೂ ಎರಡು ಎಕರೆ ತೊಗರಿಗೆ ಹೋಗೈತಿ. ಜೋಳ ಕೀಳಾಕ ಆಳು ಸಿಗೂದಿಲ್ಲ. ಬಗ್ಗಿ ಬುಡ ಸಮೇತ ಕೀಳೋ ಕೆಲಸ, ಕೈಯಾಗ ಬೊಬ್ಬಿ ಬರ್ತಾವ. 2025-26ಕ್ಕ ಮಾಲದಂಡಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 3749 ರೂಪಾಯಿ ಅಂತ ಗೊತ್ತು ಮಾಡ್ಯಾರ, ತೊಗರಿಗೆ 8000. ಲೆಕ್ಕ ಬಂದವ ತೊಗರಿ ಬಿತ್ತತಾನ. ಕಣಿಕಿ ಸಲುವಾಗಿ ದನ ಇದ್ದವರಷ್ಟ ಜೋಳ ಹಿಡ್ಕೊಂಡಾರ. ನಾವು ಲೆಕ್ಕ ಮಾಡಿ ಜೋಳ ಬಿಟ್ರ ಶಾಣ್ಯಾತನ, ದೊಡ್ಡವ್ವ ಲೆಕ್ಕ ಮಾಡಿ ರೊಟ್ಟಿ ಬಿಟ್ರ ಸೋಮಾರಿತನ. ಇದ್ಯಾವ ನ್ಯಾಯ?

ಮತ್ತ ರಾತ್ರಿ ತ್ರೀಫೇಸ್ ಕರೆಂಟ ಬಂದಾಗ ನೀರು ಹಾಯಿಸಾಕ ಹೊಲದಾಗ ವಸ್ತಿ ಇರ್ತೀವಲ್ಲ, ಅಲ್ಲಿ ಮೋಟಾರ ಶೆಡ್ಡಿನಾಗ ನಾವು ಗಂಡಸರು ಏನು ಬೇಯಿಸ್ಕೊತೀವಿ? ಅನ್ನ. ಹೆಂಡ್ತಿ ತವರಿಗೆ ಹೋದ್ರ ಏನು? ಅನ್ನ. ಆವಾಗ ಅದು ಸೋಮಾರಿತನ ಅಲ್ಲ, "ಪಾಪ, ತಾನ ಮಾಡ್ಕೊಂಡು ಉಂಡಾನ" ಅಂತ ಹೊಗಳಿಕಿ. ಬಸವಣ್ಣ ಹುಟ್ಟಿದ ಬಾಗೇವಾಡಿ ನಮ್ಮ ಮಗ್ಗಲದಾಗ ಐತಿ. ಬಸವ ಜಯಂತಿಗೆ ಎಲ್ಲಾ ಕಾಯಕನೂ ಒಂದ ಅಂತ ಮೈಕ್ ಹಿಡೀತೀವಿ. ಮೈಕ್ ಇಟ್ಟು ಮನಿಗೆ ಬಂದ ಕೂಡಲೆ ಬಿಸಿ ರೊಟ್ಟಿ ಯಾಕ ಆಗಿಲ್ಲ ಅಂತೀವಿ.

ಹೋಗಲಿ, ಆ ಅನ್ನನರ ನೆಟ್ಟಗ ಮಾಡ್ತೀವೇನು? ಒಬ್ಬರಿಗೆ ಅನ್ನ ಮಾಡೋದು ಹತ್ತು ಮಂದಿಗೆ ಮಾಡಿದ್ದಕ್ಕಿಂತ ನಾಜೂಕು. ಮೋಟಾರ ಶೆಡ್ಡಿನಾಗ ನಾನ ಎಷ್ಟು ಸಲ ತಳ ಹೊತ್ತಿಸಿಲ್ಲ, ಎಷ್ಟು ಸಲ ನಡುವ ಕಚ್ಚಾ ಉಳಿದದ್ದು ಉಂಡಿಲ್ಲ! ಕಡೀಕ ದೊಡ್ಡವ್ವನ ಹಂತ್ಯಾಕನ ಕಲಿತೆ. ಚಾ ಕುಡಿಯೋ ಸಣ್ಣ ಕಪ್ಪಿಲೆ ಒಂದು ಕಪ್ಪು ಅಕ್ಕಿ, ಹೊಲದಾಗ ದುಡಿದು ಬಂದವರಾದ್ರ ಒಂದೂವರಿ. ಬೋಗಾಣಿ ಸಣ್ಣದಿರಬೇಕು, ತಳ ದಪ್ಪ ಇರಬೇಕು. ಅಗಲ ಬೋಗಾಣ್ಯಾಗ ಸ್ವಲ್ಪ ಅಕ್ಕಿ ಹಾಕಿದ್ರ ನೀರೆಲ್ಲಾ ಹಬಿ ಆಗಿ ಹೋಗಿ ಅಕ್ಕಿ ಬೇಯೂದಿಲ್ಲ. ಅದಕ್ಕ ನೀರೂ ಒಂದು ಗುಟುಕು ಜಾಸ್ತಿ ಬೇಕು, ಒಂದು ಕಪ್ಪಿಗೆ ಎರಡೂಕಾಲು. ಇಪ್ಪತ್ತು ನಿಮಿಷ ನೆನಿಯಿಟ್ರ ಗ್ಯಾಸೂ ಉಳಿತೈತಿ. ಕುದಿ ಬರೂತನಕ ದೊಡ್ಡ ಉರಿ, ಆಮ್ಯಾಲ ಇದ್ದದ್ದರಾಗ ಸಣ್ಣ ಉರಿ, ಮುಚ್ಚಳ ಮುಚ್ಚಿ ಹನ್ನೆರಡು, ಹದಿನಾಲ್ಕು ನಿಮಿಷ. ಒಲಿ ಆರಿಸಿ ಮತ್ತ ಹತ್ತು ನಿಮಿಷ ಮುಚ್ಚಳ ತೆಗೀಬ್ಯಾಡ್ರಿ. ನಾವು ಗಂಡಸರು ಕೆಡಿಸೋದ ಇಲ್ಲಿ, ಹಸಿವಿಗೆ ತಡ್ಯಾಂಗಿಲ್ಲ, ತೆಗೆದು ತೆಗೆದು ನೋಡ್ತೀವಿ.

ರೇಷನ್ ಅಕ್ಕಿ ಮಾಡೋವ್ರು ಒಂದು ಕೇಳ್ರಿ. ಅದರಾಗ ಸ್ವಲ್ಪ ಬ್ಯಾರೆ ಬಣ್ಣದ ಕಾಳು ಇರ್ತಾವ, ನೀರಾಗ ತೇಲ್ತಾವ. ಪ್ಲಾಸ್ಟಿಕ್ ಅಕ್ಕಿ ಅಂತ ಊರೂರಾಗ ಆರಿಸಿ ತಿಪ್ಪಿಗೆ ಚೆಲ್ಲತಾರ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿನಾಗ ಕಬ್ಬಿಣದ ಅಂಶ, ಫೋಲಿಕ್ ಆಸಿಡ್, ಬಿ-12 ವಿಟಮಿನ್ ಕೂಡಿಸಿ ಕಾಳಿನಂಗ ಮಾಡಿ, ನೂರು ಕಾಳಿಗೆ ಒಂದರಂಗ ಬೆರಸ್ತಾರ. ರಕ್ತ ಕಡಿಮಿ ಇದ್ದ ಹೆಣಮಕ್ಕಳಿಗಂತ ಮಾಡಿದ್ದು. ಅದನ್ನ ಆರಿಸಿ ಚೆಲ್ಲಬ್ಯಾಡ್ರಿ, ನಾಕು ಸಲ ತಿಕ್ಕಿ ತಿಕ್ಕಿ ತೊಳೀಬ್ಯಾಡ್ರಿ, ರಾಶಿ ನೀರಾಗ ಕುದಿಸಿ ಬಸಿದು ಚೆಲ್ಲಬ್ಯಾಡ್ರಿ.

ಇಷ್ಟು ಹೇಳಿದೆ ಅಂತ ನಾ ಅಕ್ಕಿ ಪಕ್ಷದವ ಅಂತ ತಿಳೀಬ್ಯಾಡ್ರಿ. ದೊಡ್ಡವ್ವಗ ಸಕ್ಕರಿ ರೋಗ ಇರೋದು ಖರೆ. ಎರಡು ಹೊತ್ತು ಬರೇ ಬಿಳಿ ಅನ್ನ ಉಂಡ್ರ ಸಕ್ಕರಿ ಏರತೈತಿ ಅಂತ ಡಾಕ್ಟರ್ ಹೇಳೋದೂ ಖರೆ. ಜೋಳ ಬೆಳ್ಯೋ ನೆಲದಾಗ ಒಬ್ಬಾಕಿ ಮುದುಕಿಗೆ ಜೋಳದ ಊಟ ದಕ್ಕೂದಿಲ್ಲ ಅಂದ್ರ ನಾಚಿಕಿ ನಮಗ ಬರಬೇಕು, ಆಕಿಗಲ್ಲ. 2023 ಪೂರಾ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಬ್ಯಾನರ್ ಕಟ್ಟಿದ್ರು, ಜೋಳನೂ ಅದರಾಗ ಬರತೈತಿ. ಜೋಳ ತಿನ್ರಿ ಅಂತ ಎಲ್ಲಾರೂ ಹೇಳಿದ್ರು. ಒಬ್ಬಾಕಿ ಇದ್ದಾಕಿ ಅದನ್ನ ಹೆಂಗ ಬೇಯಿಸ್ಕೋಬೇಕು ಅಂತ ಒಬ್ಬರೂ ಹೇಳಲಿಲ್ಲ.

ನಮ್ಮ ಹಿರೇರಿಗೆ ಅದು ಗೊತ್ತಿತ್ತು. ನುಚ್ಚು ಇದೆಯಲ್ರಿ! ಜೋಳ ಒಂಚೂರು ನೀರು ಚಿಮುಕಿಸಿ, ಕುಟ್ಟಿ ತೌಡು ತೆಗೆದು, ಒಡೆದು ಸಾಣಿಸಿದ್ರ ನುಚ್ಚು. ಕೆಳಗ ಬಿದ್ದ ಹಿಟ್ಟು ಬ್ಯಾರೆ ಕೆಲಸಕ್ಕ. ಅನ್ನ ಮಾಡೋ ಅದ ಬೋಗಾಣಿ, ಅದ ಸಣ್ಣ ಉರಿ. ಒಂದು ಕಪ್ಪು ನುಚ್ಚಿಗೆ ನಾಕು ಕಪ್ಪು ನೀರು. ನುಚ್ಚು ಮೊದಲ ಎರಡು ತಾಸು ನೆನಿಯಿಟ್ಟಿರಬೇಕು, ಕುದಿಯೋ ನೀರಿಗೆ ಉಪ್ಪು ಹಾಕಿ ಗಂಟಾಗದಂಗ ತಿರುವುತ್ತಾ ಸುರೀಬೇಕು, ಮುಚ್ಚಿ ಇಪ್ಪತ್ತೈದು ನಿಮಿಷ. ನಾದೋದಿಲ್ಲ, ಬಡಿಯೋದಿಲ್ಲ, ಹಂಚಿಲ್ಲ. ರೊಟ್ಟಿ ಬಡಿಯಾಕ ಕೈ ಪಳಗಿರಬೇಕು, ನುಚ್ಚಿಗೆ ಗಡಿಯಾರ ನೋಡಾಕ ಬಂದ್ರ ಸಾಕು. ರಾತ್ರಿ ಸಾರಿನ ಜೋಡಿ ಉಣ್ರಿ, ಉಳಿದದ್ದು ಮುಂಜಾನೆ ಮಜ್ಜಿಗಿ, ಉಳ್ಳಾಗಡ್ಡಿ ಜೋಡಿ. ನುಚ್ಚು ಒಬ್ಬರ ಲೆಕ್ಕಕ್ಕ ಇಳಿತೈತಿ, ಅಕ್ಕಿಯಂಗ.

ಖಡಕ್ ರೊಟ್ಟಿನೂ ಐತಿ. ತಿಂಗಳುಗಟ್ಟಲೆ ಕೆಡೂದಿಲ್ಲ. ಆದ್ರ ಅದನ್ನ ಯಾರೋ ಕುಂತು ಬಡೀಬೇಕು, ಅಥವಾ ರೊಕ್ಕ ಕೊಟ್ಟು ತರಬೇಕು. ದೊಡ್ಡವ್ವನ ಹಲ್ಲೂ ಅದಕ್ಕ ಒಪ್ಪಂಗಿಲ್ಲ.

ನಡುನಡುವ ರೇಷನ್ನಿನಾಗ ಜೋಳ ಕೊಟ್ಟಾಗ ರೊಟ್ಟಿಗೆ ಬರೂದಿಲ್ಲ ಅಂತ ನಾವ ಮಾರಿದ್ವಿ, ಕೋಳಿಗೆ ಹಾಕಿದ್ವಿ. ನುಚ್ಚಿಗೆ ಆ ಜೋಳ ನಡೀತಿತ್ತು. ರೇಷನ್ನಿನಾಗ ಜೋಳ ಕೇಳ್ರಿ, ಜೋರಾಗಿ ಕೇಳ್ರಿ, ನಾನೂ ಬರ್ತೀನಿ. ಆದ್ರ ಕೇಳೋ ಮೊದಲ ನಮ್ಮ ನಮ್ಮ ಬೋಗಾಣ್ಯಾಗ ಒಂದು ಸಲ ನುಚ್ಚು ಬೇಯಿಸ್ರಿ. ಹೆಂಡ್ತಿ ಕೈಲೆ ಮಾಡಿಸಬ್ಯಾಡ್ರಿ, ನಾವ ಮಾಡ್ರಿ.

ಈಗ ತೊಡಕು ಒಂದ. ಮೊದಲ ಮನೀ ಮನ್ಯಾಗ ಒಳಕಲ್ಲು, ಬೀಸುಕಲ್ಲು ಇದ್ವು. ಈಗ ನಮ್ಮ ಊರ ಗಿರಣ್ಯಾಗ ಹಿಟ್ಟು ಬಿಟ್ರ ನುಚ್ಚು ಒಡ್ಯಾಂಗಿಲ್ಲ, ಕಲ್ಲು ಸಡಿಲ ಮಾಡೋದು ತ್ರಾಸು ಅಂತಾನ ಗಿರಣಿಯವ. ಹೋದ ವಾರ ಹತ್ತು ಕಿಲೋ ಹಳೇ ಮಾಲದಂಡಿ ಹೊತ್ಕೊಂಡು ಹೋಗಿ, ಅರ್ಧ ತಾಸು ಬೆನ್ನ ಹತ್ತಿ ಒಡಿಸ್ಕೊಂಡು ಬಂದೆ. ಎರಡು ಕಿಲೋ ದೊಡ್ಡವ್ವಗ ಕೊಟ್ಟೀನಿ. "ಮೊದಲು ನೀ ಮಾಡಿ ಉಂಡು ತೋರಿಸು, ಆಮ್ಯಾಲ ನೋಡ್ತೀನಿ" ಅಂದಾಳ. ನಿನ್ನಿ ರಾತ್ರಿ ಶೆಡ್ಡಿನಾಗ ಮಾಡಿದೆ. ಸ್ವಲ್ಪ ಗಂಟಾಗಿತ್ತು, ಉಂಡೆ.

ಇಂಡಿ, ಸಿಂದಗಿ ಕಡೆ ನುಚ್ಚು ಒಡಿಯೋ ಗಿರಣಿ ಎಲ್ಲೆಲ್ಲಿ ಅದಾವ, ಗೊತ್ತಿದ್ದವರು ಊರ ಹೆಸರು ಕೆಳಗ ಬರೀರಿ. ಕಿಲೋಕ್ಕ ಏನು ತಗೋತಾರ ಅಂತನೂ ಬರೀರಿ.