ಮನೆ ಮಾರಾಟ: ಖಾತೆಯೊಂದಿದ್ದರೆ ಸಾಲದು



ತೋಟ ಮಾರುವಾಗ ನಮ್ಮವರು ಪಹಣಿ ತೆಗೆಸುತ್ತಾರೆ, ಸರ್ವೆ ಮಾಡಿಸುತ್ತಾರೆ, ನಾಲ್ಕು ಜನರನ್ನು ಕೇಳುತ್ತಾರೆ. ಊರಿನ ಹಳೆಯ ಮನೆಯನ್ನೋ, ಮಕ್ಕಳ ಓದಿಗೆಂದು ಪೇಟೆಯಲ್ಲಿ ಕಟ್ಟಿಸಿದ ಮನೆಯನ್ನೋ ಮಾರುವಾಗ ಮಾತ್ರ ಈ ಎಚ್ಚರ ಕಾಣುವುದಿಲ್ಲ. "ಖಾತೆ ನನ್ನ ಹೆಸರಿನಲ್ಲಿದೆ, ಗಿರಾಕಿ ಬಂದಿದ್ದಾನೆ, ಮತ್ತೇನು?" ಎಂಬ ಮಾತನ್ನು ಸಂಘದ ಕಚೇರಿಯಲ್ಲಿ ನಾನು ಎಷ್ಟೋ ಸಲ ಕೇಳಿದ್ದೇನೆ.

ಖಾತೆಯೆಂಬುದು ಕಂದಾಯ ಯಾರಿಂದ ವಸೂಲು ಮಾಡಬೇಕೆಂಬ ಲೆಕ್ಕವೇ ಹೊರತು ಹಕ್ಕುಪತ್ರವಲ್ಲ. ತಂದೆ ತೀರಿಕೊಂಡ ಮೇಲೆ ಹಿರಿಯ ಮಗನ ಹೆಸರಿಗೆ ಖಾತೆಯಾದ ಮಾತ್ರಕ್ಕೆ ಮನೆ ಅವನೊಬ್ಬನದಾಗದು. ತಂದೆಯ ಸ್ವಯಾರ್ಜಿತ ಮನೆಯಾಗಿದ್ದು ಉಯಿಲು ಇಲ್ಲದಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಹೆಣ್ಣುಮಕ್ಕಳಿಗೂ ಸಮಪಾಲುಂಟು.

"ವಾಸದ ಮನೆಯಲ್ಲಿ ಹೆಣ್ಣುಮಕ್ಕಳು ಪಾಲು ಕೇಳುವಂತಿಲ್ಲ" ಎಂದು ಹಿರಿಯರು ಹೇಳುವುದುಂಟು. ಇದಕ್ಕೆ ಬುಡವಿಲ್ಲದಿಲ್ಲ. ಗಂಡುಮಕ್ಕಳು ತಾವಾಗಿ ಹಿಸ್ಸೆ ಮಾಡಿಕೊಳ್ಳುವವರೆಗೆ ಕುಟುಂಬದ ವಾಸದ ಮನೆಯನ್ನು ಭಾಗ ಮಾಡಿರೆಂದು ಹೆಣ್ಣುಮಕ್ಕಳು ಕೇಳದಂತೆ ಅದೇ ಕಾಯಿದೆಯಲ್ಲಿ ಒಂದು ಕಲಮಿತ್ತು. 2005ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಪಿತ್ರಾರ್ಜಿತ ಆಸ್ತಿಯಲ್ಲಿಯೂ ಮಗಳು ಮಗನಂತೆಯೇ ಹಕ್ಕುದಾರಳಾದಳು. 2005ಕ್ಕೆ ಮೊದಲೇ ತಂದೆ ತೀರಿಕೊಂಡಿದ್ದರೂ ಈ ಹಕ್ಕು ಉಳಿಯುತ್ತದೆಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಕ್ರಮಬದ್ಧವಾಗಿ ಆದ ವಿಭಾಗಗಳಿಗೆ ಮಾತ್ರ ಬಾಧೆಯಿಲ್ಲ. ಕಲಮು ಹೋದರೂ ಮಾತು ಉಳಿದುಕೊಂಡಿದೆ. ಮದುವೆಯಲ್ಲಿ ಚಿನ್ನ ಹಾಕಿದ್ದೇವೆ ಎಂಬುದು ಕಾನೂನಿನ ಮುಂದೆ ಉತ್ತರವಲ್ಲ. ತಂಗಿ ಮನಃಪೂರ್ವಕವಾಗಿ ಬಿಟ್ಟುಕೊಡುವುದಾದರೆ ನೋಂದಾಯಿತ ಹಕ್ಕುಬಿಡುಗಡೆ ಪತ್ರವಾಗಲಿ. ನನ್ನನ್ನು ಕೇಳಿದರೆ, ಅವಳ ಪಾಲಿನ ಹಣವನ್ನು ಅವಳಿಗೆ ಕೊಟ್ಟು ಕ್ರಯಪತ್ರಕ್ಕೆ ಸಹಿ ಪಡೆಯುವುದೇ ಮರ್ಯಾದೆ. ಹತ್ತು ವರ್ಷ ಸಿವಿಲ್ ಕೋರ್ಟಿಗೆ ಅಲೆಯುವ ಖರ್ಚಿಗಿಂತ ಅದು ಅಗ್ಗವೂ ಹೌದು.

ಇನ್ನು ತೆರಿಗೆಯ ವಿಷಯ. ಗ್ರಾಮಾಂತರದ ಕೃಷಿಭೂಮಿಯನ್ನು ಮಾರಿದ ಲಾಭಕ್ಕೆ ಆದಾಯ ತೆರಿಗೆಯಿಲ್ಲವಾದ್ದರಿಂದ ಮನೆಗೂ ಇಲ್ಲವೆಂದು ನಮ್ಮಲ್ಲಿ ಹಲವರ ನಂಬಿಕೆ. ಪೇಟೆಯ ಮನೆಗೆ ಆ ರಿಯಾಯಿತಿ ಅನ್ವಯಿಸದು. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಸ್ವಾಧೀನದಲ್ಲಿದ್ದ ಮನೆಯ ಲಾಭಕ್ಕೆ ಶೇಕಡಾ 12.5 ತೆರಿಗೆ, 2024ರ ಜುಲೈ 23ಕ್ಕೆ ಮೊದಲು ಪಡೆದ ಮನೆಯಾದರೆ, ಬೆಲೆಯೇರಿಕೆಯನ್ನು ಕಳೆದು ಶೇಕಡಾ 20ರಂತೆ ಲೆಕ್ಕ ಹಾಕಿ, ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು. ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ, ಇಲ್ಲವೇ ಮೂರು ವರ್ಷದೊಳಗೆ ಕಟ್ಟಿಸಿದರೆ ವಿನಾಯಿತಿಯುಂಟು. ಆದರೆ ನಮ್ಮವರು ಮನೆ ಮಾರುವುದು ಹೆಚ್ಚಾಗಿ ತೋಟದ ಸಾಲ ತೀರಿಸಲಿಕ್ಕೆ. ಸಾಲಕ್ಕೆ ಕಟ್ಟಿದ ಹಣಕ್ಕೆ ಈ ವಿನಾಯಿತಿ ದೊರೆಯದು. ಬಂದದ್ದನ್ನೆಲ್ಲ ಬ್ಯಾಂಕಿಗೆ ತುಂಬಿ ಕೈ ಖಾಲಿಯಾದ ಮೇಲೆ ತೆರಿಗೆಯ ನೋಟೀಸು ಬಂದರೆ, ಅದನ್ನು ಕಟ್ಟಲು ಮತ್ತೆ ಸಾಲವೇ ಗತಿ. ಪತ್ರದಲ್ಲಿ ಬೆಲೆ ಕಡಿಮೆ ತೋರಿಸಿ ಪಾರಾಗುತ್ತೇವೆನ್ನುವವರು ಇದ್ದಾರೆ. ಮಾರ್ಗಸೂಚಿ ಬೆಲೆಗಿಂತ ಶೇಕಡಾ 10ಕ್ಕೂ ಮೀರಿ ಕಡಿಮೆ ಬರೆದರೆ ಇಲಾಖೆ ಮಾರ್ಗಸೂಚಿ ಬೆಲೆಯನ್ನೇ ಹಿಡಿಯುತ್ತದೆ.

ಜನರಲ್ ಪವರ್ ಬರೆದುಕೊಟ್ಟು ಹಣ ಪಡೆದರೆ ಮಾರಾಟವಾಗದೆಂದು ಸುಪ್ರೀಂ ಕೋರ್ಟು 2011ರಲ್ಲಿಯೇ ಹೇಳಿದೆ. ಆ ದಾರಿ ಬೇಡ.

ಕರಾರಿಗೆ ಮುಂಚೆ ಋಣಭಾರ ಪತ್ರ ತೆಗೆಸಿ ನೋಡಿರಿ. ಸಾಲ ತೀರಿದ್ದರೂ ನೋಂದಾಯಿತ ಅಡಮಾನ ಅದರಲ್ಲಿ ಹಾಗೆಯೇ ನಿಂತಿರುವುದುಂಟು. ಸಂಘದ ಬಾಕಿ ಚುಕ್ತಾ ಮಾಡಿಯೂ ಬಿಡುಗಡೆ ಪತ್ರ ಪಡೆಯದ ಸದಸ್ಯರು ಪಾಸ್‌ಬುಕ್ಕಿನೊಂದಿಗೆ ಕಚೇರಿಗೆ ಬರಬೇಕಾಗಿ ಕೋರುತ್ತೇನೆ.